ಕಟ್ಟಿದ ಮೋರಿ, ತಿರುಗುವ ತಂತಿ

1976ರ ಆಗಸ್ಟ್ 29ರಂದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಕೆನೋಶ ಪಟ್ಟಣದಲ್ಲಿ ಮನೆಯೊಂದು ಸಿಡಿದು ಹೊತ್ತಿ ಉರಿಯಿತು. ಇಬ್ಬರು ಸತ್ತರು, ನಾಲ್ವರು ಗಾಯಗೊಂಡರು. ಆ ದೇಶದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ತನಿಖೆ ಮಾಡಿತು. ಅನಿಲದ ಕಂಪನಿಯ ಎರಡು ಇಂಚಿನ ಪ್ಲಾಸ್ಟಿಕ್ ಕೊಳವೆಯನ್ನು ರಸ್ತೆ ಅಗೆಯದೆ, ನೆಲದಡಿಯಲ್ಲೇ ಕೊರೆದು ಹಾಯಿಸಿದ್ದರು. ಹಾಗೆ ಹಾಯಿಸುವಾಗ ಅದು ಒಳಚರಂಡಿಯ ಮಣ್ಣಿನ ಕೊಳವೆಯೊಂದನ್ನು ಅಡ್ಡಲಾಗಿ ತೂರಿಕೊಂಡು ಹೋಗಿತ್ತು. ನೆಲದ ಮೇಲಿದ್ದವರಿಗೆ ಇದು ತಿಳಿಯಲೇ ಇಲ್ಲ. ಮುಂದೆ ಮೋರಿ ಕಟ್ಟಿಕೊಂಡಿತು. ಬಿಡಿಸಲು ಯಂತ್ರ ಬಂತು. ಮೋಟಾರಿನಿಂದ ತಿರುಗುವ ಉಕ್ಕಿನ ತಂತಿಯ ತುದಿಯ ಅಲಗು ಹೋಗಿ ತಾಗಿದ್ದು ಅನಿಲದ ಕೊಳವೆಗೆ.

ಯಂತ್ರ ನಡೆಸಿದವನ ಕೈಗೆ ಅದು ಮರದ ಬೇರಿನಂತೆಯೇ ತಾಗಿರಬೇಕು. ಮೋರಿ ಬಿಡಿಸುವ ಕಸುಬಿನ ಮೂಲ ತೊಡಕೇ ಇದು. ಏನನ್ನು ಕೊಯ್ಯುತ್ತಿದ್ದೇನೆ ಎಂದು ಕೊಯ್ಯುವವನಿಗೆ ಕಾಣುವುದಿಲ್ಲ. ಅಂಗೈಗೆ ಬರುವ ನಡುಕ, ಎಳೆತ, ತಡೆಗಳಿಂದಲೇ ಊಹಿಸಬೇಕು. ಈ ಕುರುಡು ಕೆಲಸಕ್ಕೆ ಕಳೆದ ನೂರು ವರ್ಷಗಳಲ್ಲಿ ಒಂದರ ಹಿಂದೆ ಒಂದು ಯಂತ್ರ ಬಂದಿದೆ. ಪ್ರತಿಯೊಂದೂ ಹಳೆಯ ಅಪಾಯವೊಂದನ್ನು ತೆಗೆದುಹಾಕಿತು, ನಿಜ. ಆದರೆ ಅಷ್ಟಕ್ಕೇ ನಿಲ್ಲದೆ ಹೊಸದೊಂದನ್ನು ತಂದು ಬೇರೊಬ್ಬರ ಕೈಗೆ ಕೊಟ್ಟಿತು. ಮೋರಿ ಯಂತ್ರಗಳ ಚರಿತ್ರೆಯನ್ನು ಅವುಗಳ ಕುದುರೆಶಕ್ತಿಯಿಂದ ಅಳೆಯುವುದಕ್ಕಿಂತ, ಆ ಅಪಾಯ ಯಾರಿಂದ ಯಾರಿಗೆ ಸಾಗಿತು ಎಂಬುದರಿಂದ ಅಳೆಯುವುದು ಲೇಸು.

ತಂತಿಯ ಯಂತ್ರದ ಜನಪ್ರಿಯ ರೂಪ ಹುಟ್ಟಿದ್ದು ಅಯೋವ ರಾಜ್ಯದ ಡೆ ಮೊಯ್ನ್ ನಗರದಲ್ಲಿ. ಸ್ಯಾಮ್ಯುಯೆಲ್ ಬ್ಲಾಂಕ್ ಎಂಬಾತನ ಮಗನ ಮನೆಯ ಮೋರಿ ಮರದ ಬೇರು ಹೊಕ್ಕು ಕಟ್ಟಿಕೊಂಡಿತ್ತು ಎಂಬಲ್ಲಿಂದ ಕಂಪನಿ ಹೇಳಿಕೊಂಡು ಬಂದ ಕಥೆ ಶುರುವಾಗುತ್ತದೆ. ಆಗಿನ ಕಾಲಕ್ಕೆ ಇದ್ದ ಉಪಾಯ ಒಂದೇ: ಅಂಗಳ ಅಗೆದು ಕೊಳವೆ ಒಡೆಯುವುದು. ಬ್ಲಾಂಕ್ ಬಟ್ಟೆ ಒಗೆಯುವ ಯಂತ್ರದ ಮೋಟಾರು, ರೋಲರ್ ಸ್ಕೇಟಿನ ಚಕ್ರಗಳು, ಉಕ್ಕಿನ ತಂತಿ, ಅದರ ತುದಿಗೆ ಬೇರು ಕೊಯ್ಯುವ ಅಲಗು, ಇಷ್ಟನ್ನು ಜೋಡಿಸಿ ಒಂದು ಯಂತ್ರ ಕಟ್ಟಿದ. ಹೆಂಡತಿ ಲೆಟ್ಟಿ ಅದಕ್ಕೆ ‘ರೋಟೊ-ರೂಟರ್’ ಎಂದು ಹೆಸರಿಟ್ಟಳು.

ಈ ಯಂತ್ರ ಬಂದ 1930ರ ದಶಕವೆಂದರೆ ಮಹಾ ಆರ್ಥಿಕ ಕುಸಿತದ ಕಾಲ. ಕೆಲಸ ಕಳೆದುಕೊಂಡವರು ಊರೂರಲ್ಲಿ ಇದ್ದರು. ಬ್ಲಾಂಕ್ ಯಂತ್ರವೊಂದಕ್ಕೆ 250 ಡಾಲರ್ ಬೆಲೆ ಕಟ್ಟಿ ಮಾರತೊಡಗಿದ. ಕೊಂಡವರು ತಮ್ಮ ತಮ್ಮ ಊರಿನಲ್ಲಿ ಸ್ವಂತ ಉದ್ಯೋಗ ಹೂಡಿದರು. ಹೊಟ್ಟೆಪಾಡಿಗೆ ದಾರಿಯಾದ ಯಂತ್ರ ಎಂದು ಇದನ್ನು ಹೊಗಳುವವರಿದ್ದಾರೆ, ತಪ್ಪೇನಲ್ಲ. ಆದರೆ ನಿನ್ನೆಯವರೆಗೆ ಇನ್ನೇನೋ ಮಾಡುತ್ತಿದ್ದವನು ಇವತ್ತು ಒದ್ದೆ ನೆಲಮಾಳಿಗೆಯಲ್ಲಿ ಕರೆಂಟಿನ ಮೋಟಾರು ಹಿಡಿದು ಕುಳಿತ ಎಂಬುದೂ ಅದೇ ಕಥೆಯ ಭಾಗ. ಕಸುಬು ಕಲಿಸುವ ಗುರುವಿಲ್ಲದೆ, ಯಂತ್ರ ಕೊಂಡವನೇ ಕಸುಬುದಾರನಾದ ಉದ್ಯೋಗ ಇದು.

ಅದಕ್ಕೆ ಮೊದಲು ಯುರೋಪಿನ ದೊಡ್ಡ ನಗರಗಳು ಬೇರೆಯೇ ದಾರಿ ಹಿಡಿದಿದ್ದವು. ಪ್ಯಾರಿಸ್‌ನಲ್ಲಿ 1850ರ ದಶಕದಿಂದಾಚೆಗೆ ಯೂಜೀನ್ ಬೆಲ್‌ಗ್ರಾಂಡ್ ಎಂಬ ಎಂಜಿನಿಯರ್ ಕಟ್ಟಿಸಿದ ಒಳಚರಂಡಿಗಳು ಮನುಷ್ಯ ಎದ್ದು ಓಡಾಡುವಷ್ಟು ಎತ್ತರ. ಅವುಗಳ ತಳದಲ್ಲಿ ನಿಲ್ಲುವ ಮರಳನ್ನು ತಳ್ಳಲು ತೂಬಿನ ದೋಣಿಗಳಿದ್ದವು. ದೋಣಿಯ ಮುಂದೆ ಕಾಲುವೆಯ ಅಗಲಕ್ಕೆ ಸರಿಹೋಗುವ ಹಲಗೆಯೊಂದನ್ನು ನೀರಿಗೆ ಇಳಿಬಿಡುತ್ತಿದ್ದರು. ಹಿಂದಿನಿಂದ ಬಂದ ನೀರು ತಡೆದು ನಿಂತು, ಹಲಗೆಯ ಸಂದಿಯಲ್ಲಿ ರಭಸದಿಂದ ನುಗ್ಗಿ ಮುಂದಿದ್ದ ಮರಳನ್ನೆಲ್ಲ ಕೆದಕಿ ಒಯ್ಯುತ್ತಿತ್ತು. ನೀರಿನ ಒತ್ತಡಕ್ಕೆ ದೋಣಿಯೂ ತಾನಾಗಿ ಮುಂದೆ ಸಾಗುತ್ತಿತ್ತು. ಸೀನ್ ನದಿಯ ತಳದಲ್ಲಿ ಹಾಯುವ ಸೈಫನ್ ಕೊಳವೆಗಳಿಗೆ ಮನುಷ್ಯ ಇಳಿಯುವಂತಿರಲಿಲ್ಲ. ಅಲ್ಲಿಗೆ ಕೊಳವೆಗಿಂತ ತುಸು ಸಣ್ಣದಾದ ಮರದ ಚೆಂಡನ್ನು ಬಿಡುತ್ತಿದ್ದರು. ಚೆಂಡು ತೇಲಿ ಕೊಳವೆಯ ಮೇಲ್ಭಾಗಕ್ಕೆ ಒತ್ತಿಕೊಂಡರೆ ಕೆಳಗಿನ ಕಿರಿದಾದ ಸಂದಿಯಲ್ಲಿ ನೀರು ನುಗ್ಗಿ ಹೂಳನ್ನು ಕಿತ್ತುಕೊಂಡು ಹೋಗುತ್ತಿತ್ತು. ಮೋಟಾರಿಲ್ಲ, ತಂತಿಯಿಲ್ಲ. ಒಳಚರಂಡಿ ಶುದ್ಧಿಯ ಇತಿಹಾಸದಲ್ಲಿ ಇಷ್ಟು ಜಾಣತನದ, ಇಷ್ಟು ನಿರಪಾಯದ ಸಾಧನ ಇನ್ನೊಂದು ಸಿಗುವುದು ಕಷ್ಟ.

ಲಂಡನ್ನಿನ ಅನುಭವ ಕಹಿಯಾಗಿತ್ತು. 1849ರ ಅಕ್ಟೋಬರ್‌ನಲ್ಲಿ ಪಿಮ್ಲಿಕೊ ಪ್ರದೇಶದ ಒಳಚರಂಡಿಗೆ ಇಳಿದ ಕೆಲಸಗಾರರು ವಿಷಗಾಳಿಗೆ ಸಿಕ್ಕಿ ಸತ್ತರು. ಅವರನ್ನು ಎತ್ತಿ ತರಲೆಂದು ಇಳಿದ ಒಬ್ಬ ವೈದ್ಯ, ಒಬ್ಬ ಪೊಲೀಸಿನವ ಕೂಡ ಬದುಕಲಿಲ್ಲ. ಮೊದಲು ಇಳಿದವನಿಗಾಗಿ ಎರಡನೆಯವ, ಎರಡನೆಯವನಿಗಾಗಿ ಮೂರನೆಯವ. ಈ ಸಾಲು ಮುಂದೆ ಎಷ್ಟು ಊರುಗಳಲ್ಲಿ ಮರುಕಳಿಸಿತೋ ಲೆಕ್ಕವಿಲ್ಲ.

ಬ್ಲಾಂಕ್‌ನ ಯಂತ್ರ ಮನುಷ್ಯನನ್ನು ಗುಂಡಿಯಿಂದ ಮೇಲೆ ನಿಲ್ಲಿಸಿತು. ಅಮೆರಿಕದ ಮನೆ ಮೋರಿಗಳ ಮಟ್ಟಿಗೆ ಇದು ದೊಡ್ಡ ಮಾತೇ. ಆದರೆ ಈಗ ಅಪಾಯ ಶ್ವಾಸಕೋಶದಿಂದ ಕೈಗೆ ಬಂತು.

ತಂತಿಯ ಯಂತ್ರ ಹೇಗೆ ಕೈ ಹಿಡಿಯುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಪೀಪಾಯಿಯಂಥ ಡ್ರಮ್ಮಿನಲ್ಲಿ ಸುರುಳಿ ಸುತ್ತಿದ ಉಕ್ಕಿನ ತಂತಿ. ಮೋಟಾರು ಡ್ರಮ್ಮನ್ನು ತಿರುಗಿಸುತ್ತದೆ, ಅದರೊಂದಿಗೆ ತಂತಿ ತನ್ನ ಸುತ್ತ ತಾನು ತಿರುಗುತ್ತದೆ. ಕೆಲಸಗಾರ ಮೋರಿಯ ಬಾಯಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು, ತಿರುಗುವ ತಂತಿಯನ್ನು ಎರಡೂ ಕೈಯಲ್ಲಿ ಸಡಿಲವಾಗಿ ಹಿಡಿದು ಒಳಕ್ಕೆ ತಳ್ಳುತ್ತಾ ಹೋಗುತ್ತಾನೆ. ಮೂವತ್ತು ನಲವತ್ತು ಅಡಿ ಆಚೆ ಅಲಗು ಬೇರಿಗೆ ಕಚ್ಚಿಕೊಂಡು ನಿಂತಿತು ಎನ್ನಿ. ತುದಿ ನಿಂತರೂ ಮೋಟಾರು ನಿಂತಿಲ್ಲ. ಒದ್ದೆ ಪಂಚೆಯನ್ನು ಇಬ್ಬರು ಎರಡು ತುದಿ ಹಿಡಿದು ಹಿಂಡಿದಂತೆ ತಂತಿ ಹುರಿಗೊಳ್ಳುತ್ತದೆ, ಸೆಟೆದು ಬಾಗುತ್ತದೆ. ಆ ಹುರಿ ಬಿಚ್ಚಿಕೊಳ್ಳಲು ಜಾಗ ಸಿಗುವುದು ಕೊಳವೆಯೊಳಗಲ್ಲ. ಯಂತ್ರಕ್ಕೂ ಮೋರಿಯ ಬಾಯಿಗೂ ನಡುವಿನ ತೆರಪಿನಲ್ಲಿ, ಅಂದರೆ ಕೈಗಳಿರುವ ಜಾಗದಲ್ಲಿ. ಕ್ಷಣಾರ್ಧದಲ್ಲಿ ತಂತಿ ಕುಣಿಕೆಯಾಗಿ ಬೆರಳಿಗೋ ಮುಂಗೈಗೋ ಸುತ್ತಿಕೊಳ್ಳುತ್ತದೆ. ಬೆರಳು ಮುರಿದವರು, ಮುರಿದು ಕಳೆದುಕೊಂಡವರು ಈ ಕಸುಬಿನಲ್ಲಿದ್ದಾರೆ.

ಅಪಘಾತಗಳಾದ ಮೇಲೆಯೇ ನಿಯಮಗಳು ಒಂದೊಂದಾಗಿ ಸೇರಿಕೊಂಡವು. ಯಂತ್ರವನ್ನು ಮೋರಿಯ ಬಾಯಿಗೆ ಒಂದೆರಡು ಅಡಿ ಹತ್ತಿರಕ್ಕೆ ತಂದಿಡಬೇಕು. ತಂತಿ ಹಿಡಿದವನ ಕಾಲಡಿಯಲ್ಲೇ ಸ್ವಿಚ್ಚು ಇರಬೇಕು, ಕಾಲು ತೆಗೆದರೆ ಮೋಟಾರು ನಿಲ್ಲಬೇಕು. ಒಬ್ಬ ತಂತಿ ಹಿಡಿದು ಇನ್ನೊಬ್ಬ ಸ್ವಿಚ್ಚು ಒತ್ತುವುದು ಕೂಡದು. ಒಬ್ಬನ ಕೂಗು ಇನ್ನೊಬ್ಬನ ಕಾಲಿಗೆ ತಲುಪುವಷ್ಟರಲ್ಲಿ ತಂತಿ ನಾಲ್ಕು ಸುತ್ತು ತಿರುಗಿರುತ್ತದೆ. ಇಂದಿನ ಒಳ್ಳೆಯ ಯಂತ್ರಗಳಲ್ಲಿ ಕಾಲಿನ ಸ್ವಿಚ್ಚಿಗೆ ಕರೆಂಟಿನ ವೈರೇ ಇರುವುದಿಲ್ಲ, ಗಾಳಿಯ ಒತ್ತಡದಿಂದ ಕೆಲಸ ಮಾಡುತ್ತದೆ; ನೀರಲ್ಲಿ ನಿಂತ ಕಾಲಿಗೆ ವಿದ್ಯುತ್ ತಾಗದಿರಲಿ ಎಂದು. ಇನ್ನು ಕೈಗವಸಿನ ವಿಚಾರ. ಬಟ್ಟೆಯ ಗವಸು ಹಾಕಿದರೆ ರಕ್ಷಣೆ ಅಂದುಕೊಳ್ಳುವವರೇ ಹೆಚ್ಚು. ಅದರ ನೂಲಿನ ಎಳೆಯೊಂದು ತಂತಿಯ ಸುರುಳಿಗೆ ಸಿಕ್ಕಿದರೆ ಗವಸಿನ ಜೊತೆ ಕೈಯೂ ಹೋಗುತ್ತದೆ. ಬರಿಗೈಗಿಂತ ಅದೇ ಕೆಟ್ಟದ್ದು. ಚರ್ಮದ ಗವಸೇ ಆಗಬೇಕು, ಕೊಳಚೆಯ ಸೋಂಕು ತಾಗದಂತೆ ಬೇಕಿದ್ದರೆ ರಬ್ಬರಿನದನ್ನು ಅದರ ಒಳಗೆ ಹಾಕಿಕೊಳ್ಳಬಹುದು ಎನ್ನುತ್ತವೆ ತಯಾರಕರ ಕೈಪಿಡಿಗಳು.

ಕಾಲಿನ ಸ್ವಿಚ್ಚು ಬಿಟ್ಟ ಮಾತ್ರಕ್ಕೆ ತಂತಿಯಲ್ಲಿ ಕೂಡಿದ ಹುರಿ ಮಾಯವಾಗುವುದಿಲ್ಲ ಎಂಬುದು ಹೊಸಬರಿಗೆ ತಿಳಿದಿರುವುದಿಲ್ಲ. ಮೋಟಾರು ನಿಂತ ಮೇಲೂ ತಂತಿ ಹಿಮ್ಮುಖವಾಗಿ ಚಿಮ್ಮಬಲ್ಲುದು.

ಎರಡನೆಯ ಶತ್ರು ವಿದ್ಯುತ್ತು. ನೀರು, ಲೋಹದ ತಂತಿ, ಒದ್ದೆ ಕೈ, ಮೋಟಾರು, ಇವು ನಾಲ್ಕೂ ಒಟ್ಟಿಗೆ ಸೇರುವ ಕಸುಬುಗಳು ಹೆಚ್ಚಿಲ್ಲ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಚಾರ್ಲ್ಸ್ ಡಾಲ್ಜಿಯಲ್, ಎಷ್ಟು ವಿದ್ಯುತ್ ಹರಿದರೆ ಮನುಷ್ಯ ಹಿಡಿದದ್ದನ್ನು ಬಿಡಲಾರ ಎಂಬುದನ್ನು ಸ್ವಯಂಸೇವಕರ ಮೇಲೆ ಪ್ರಯೋಗ ಮಾಡಿ ಅಳೆದಿದ್ದ. ಗಂಡಸರಿಗೆ ಸರಾಸರಿ 16 ಮಿಲಿಆಂಪಿಯರ್, ಹೆಂಗಸರಿಗೆ ಹತ್ತೂವರೆ. ಹಳೆಯ ಕಾಲದ ಬಲ್ಬೊಂದು ಉರಿಯಲು ಬೇಕಾದುದಕ್ಕಿಂತ ಎಷ್ಟೋ ಕಡಿಮೆ. ಅಷ್ಟು ಹರಿದರೆ ಮುಂಗೈಯ ಸ್ನಾಯುಗಳು ಸೆಟೆದು ಮುಷ್ಟಿ ತಾನಾಗಿ ಬಿಗಿಯುತ್ತದೆ. ಮೋರಿಯ ತಂತಿ ಹಿಡಿದವನಿಗೆ ಇದರ ಅರ್ಥ ಸ್ಪಷ್ಟ: ಬಿಡಬೇಕೆನಿಸಿದಾಗಲೇ ಕೈ ಬಿಡುವುದಿಲ್ಲ. 1961ರಲ್ಲಿ ಡಾಲ್ಜಿಯಲ್ ಸುಮಾರು 5 ಮಿಲಿಆಂಪಿಯರ್ ಸೋರಿಕೆಗೇ ಕರೆಂಟು ಕಡಿಯುವ ಸಾಧನವನ್ನು ರೂಪಿಸಿದ. ಅಮೆರಿಕದ ಮೋರಿ ಯಂತ್ರಗಳ ವೈರಿನಲ್ಲೇ ಇಂದು ಅದು ಕೂತಿರುತ್ತದೆ. ನಮ್ಮ ಮನೆಗಳಲ್ಲಿ ಎಲೆಕ್ಟ್ರಿಷಿಯನ್ನರು ಇಎಲ್‌ಸಿಬಿ, ಆರ್‌ಸಿಸಿಬಿ ಎಂದು ಕರೆದು ಹಾಕುವ ಪೆಟ್ಟಿಗೆಯೂ ಇದೇ ಕುಲದ್ದು, ಆದರೆ ಸಾಮಾನ್ಯವಾಗಿ 30 ಮಿಲಿಆಂಪಿಯರಿನದು. ಜೀವ ಉಳಿಸಲು ಸಾಕು, ಹೊಡೆತ ತಪ್ಪಿಸಲು ಸಾಲದು. ಹಳೆಯ ಮನೆಗಳಲ್ಲಿ ಅದೂ ಇರುವುದಿಲ್ಲ.

ಮೂರನೆಯದು ಮನೆಯವರೇ ಮೋರಿಗೆ ಸುರಿದದ್ದು. ಅಮೆರಿಕದಲ್ಲಿ 1923ರಲ್ಲಿ ಹ್ಯಾರಿ ಡ್ರ್ಯಾಕೆಟ್ ‘ಡ್ರೇನೊ’ ಎಂಬ ಪುಡಿಯನ್ನು ಮಾರುಕಟ್ಟೆಗೆ ತಂದ. ಕಾಸ್ಟಿಕ್ ಸೋಡಾ, ಜೊತೆಗೆ ಅಲ್ಯೂಮಿನಿಯಂ ಚೂರು; ನೀರು ತಾಗಿದೊಡನೆ ಕುದಿದು ಜಿಡ್ಡು ಕರಗಿಸುತ್ತದೆ. ನಮ್ಮಲ್ಲಿ ಅಂಗಡಿಯ ಪುಡಿಯೊಂದೇ ಅಲ್ಲ, ಬಾತ್‌ರೂಮು ತಿಕ್ಕುವ ಆಸಿಡ್ಡೂ ಮೋರಿಗೆ ಹೋಗುತ್ತದೆ. ಅದು ಕೆಲಸ ಮಾಡದೆ ಮೇಲೆ ನಿಂತಾಗ ಪ್ಲಂಬರ್‌ಗೆ ಫೋನು. ಅವನು ಬಂದು ತಂತಿ ಬಿಟ್ಟರೆ, ತಿರುಗುವ ತಂತಿ ಆ ಸುಡುವ ನೀರನ್ನು ಅವನ ಮುಖಕ್ಕೇ ಎರಚುತ್ತದೆ. ಏನು ಸುರಿದಿದ್ದೀರಿ ಎಂದು ಮೊದಲು ಕೇಳಬೇಕು ಎಂಬುದು ಕಸುಬಿನವರ ಪಾಠ. ಕೇಳಿದರೂ ನಿಜ ಹೇಳುವವರು ಕಡಿಮೆ, ಅದು ಬೇರೆ ಮಾತು.

ಬೀದಿಯ ದೊಡ್ಡ ಕೊಳವೆಗಳಿಗೆ ತಂತಿ ಸಾಲಲಿಲ್ಲ. ಎರಡು ಮ್ಯಾನ್‌ಹೋಲ್‌ಗಳ ಮೇಲೆ ಎರಡು ರಾಟೆ ಹೂಡಿ ನಡುವೆ ಬಕೆಟ್ ಎಳೆಯುವ ಯಂತ್ರ, ಉದ್ದನೆಯ ಸರಳುಗಳನ್ನು ಒಂದಕ್ಕೊಂದು ಜೋಡಿಸಿ ತಿರುಗಿಸುವ ಯಂತ್ರ, ನೀರಿನ ಒತ್ತಡಕ್ಕೆ ಮುಂದೆ ಸಾಗುವ ರಬ್ಬರ್ ಚೆಂಡು, ಹೀಗೆ ಹಲವು ಬಂದವು. ಭಾರತ ಸರ್ಕಾರದ ಒಳಚರಂಡಿ ಕೈಪಿಡಿಯಲ್ಲಿ ಇವೆಲ್ಲದರ ವಿವರ ಇದೆ. ಬಿದಿರಿನ ಸೀಳನ್ನೇ ನಂಬಿ ಕೆಲಸ ಮಾಡಿದ ನಮ್ಮ ಪುರಸಭೆಗಳಲ್ಲಿ ಎಷ್ಟು ಆ ಪುಟಗಳನ್ನು ತೆರೆದು ನೋಡಿದವೋ. ಕೊನೆಗೆ ಎಲ್ಲವನ್ನೂ ಹಿಂದಕ್ಕೆ ಹಾಕಿದ್ದು ನೀರಿನ ಜೆಟ್ಟು.

ಜೆಟ್ಟಿಂಗ್ ಗಾಡಿಯ ಗುಟ್ಟು ಹೋಸ್ ಪೈಪಿನ ತುದಿಯ ನಾಝಲ್‌ನಲ್ಲಿದೆ. ಅದರ ತೂತುಗಳಲ್ಲಿ ಹೆಚ್ಚಿನವು ಮುಂದಕ್ಕಲ್ಲ, ಹಿಂದಕ್ಕೆ ಮುಖ ಮಾಡಿರುತ್ತವೆ. ಹಿಂದಕ್ಕೆ ಚಿಮ್ಮುವ ನೀರಿನ ಬಲಕ್ಕೆ ನಾಝಲ್ ತಾನೇ ಕೊಳವೆಯಲ್ಲಿ ಮುಂದೆ ನುಗ್ಗುತ್ತದೆ. ಪೈಪನ್ನು ವಾಪಸು ಎಳೆಯುವಾಗ ಹೂಳನ್ನು ಗುಡಿಸಿಕೊಂಡು ಬರುತ್ತದೆ. ದೊಡ್ಡ ಗಾಡಿಗಳಲ್ಲಿ ಒತ್ತಡ 2,000 ಪಿಎಸ್‌ಐ ಆಸುಪಾಸು. ಕಾರಿನ ಟಯರಿಗೆ ಹಾಕುವುದು 30ರ ಸುಮಾರು. ಚರ್ಮ ಭೇದಿಸಲು 100 ಪಿಎಸ್‌ಐ ಸಾಕೆನ್ನುತ್ತಾರೆ. ಅಂಗೈಗೆ ಅಥವಾ ಕಾಲಿಗೆ ಜೆಟ್ಟು ತಾಗಿದರೆ ಹೊರಗೆ ಕಾಣುವುದು ಸೂಜಿ ಚುಚ್ಚಿದಷ್ಟು ಗುರುತು. ಮೊದಲಿಗೆ ನೋವೂ ಅಷ್ಟಾಗಿ ಇರುವುದಿಲ್ಲ. ಒಳಗೆ ಮಾತ್ರ ಕೊಳಚೆ ನೀರು ಸ್ನಾಯುಗಳ ನಡುವೆ ಹರಡಿ, ಒಂದೆರಡು ದಿನದಲ್ಲಿ ಕೊಳೆಯತೊಡಗುತ್ತದೆ. ಸಣ್ಣ ಗಾಯವೆಂದು ಬ್ಯಾಂಡೇಜು ಸುತ್ತಿ ಕಳಿಸಿದರೆ ಕೈ ಹೋದಂತೆಯೇ. ಹಾಗಾಗಿಯೇ ಪಾಶ್ಚಾತ್ಯ ದೇಶಗಳ ಜೆಟ್ಟಿಂಗ್ ಕೆಲಸಗಾರರು ಜೇಬಿನಲ್ಲಿ ಒಂದು ಕಾರ್ಡು ಇಟ್ಟುಕೊಳ್ಳುತ್ತಾರೆ. ಗಾಯ ನೋಡುವ ವೈದ್ಯರು ಅದನ್ನು ಹಗುರವಾಗಿ ತೆಗೆದುಕೊಳ್ಳದಿರಲಿ ಎಂದು ಅದರಲ್ಲಿ ಬರೆದಿರುತ್ತದೆ.

ಇನ್ನೊಂದು ತೊಂದರೆ ಇದೆ. ಅಗಲವಾದ ಕೊಳವೆಗೆ ಸಣ್ಣ ನಾಝಲ್ ಬಿಟ್ಟರೆ ಅದು ಒಳಗೇ ಹೊರಳಿ, ಹೋದ ದಾರಿಯಲ್ಲೇ ವಾಪಸು ಬಂದು, ಮ್ಯಾನ್‌ಹೋಲಿನಿಂದ ಹೊರಗೆ ಚಿಮ್ಮುತ್ತದೆ. ನೀರು ಹರಿಯುತ್ತಿರುವಾಗ ಪೈಪಿನ ತುದಿ ರಸ್ತೆಯಲ್ಲಿ ಬಡಿದಾಡತೊಡಗಿದರೆ ಹತ್ತಿರ ಇದ್ದವರ ಗತಿ ಹೇಳಬೇಕಿಲ್ಲ. ಪೈಪಿನ ಕೊನೆಯ ಒಂದಷ್ಟು ಅಡಿಯನ್ನು ಬೇರೆ ಬಣ್ಣದ್ದು ಹಾಕುವುದು ಇದಕ್ಕಾಗಿ. ವಾಪಸು ಎಳೆಯುವಾಗ ಆ ಬಣ್ಣ ಕಂಡರೆ ನಾಝಲ್ ಹತ್ತಿರ ಬಂತು, ಪಂಪು ನಿಲ್ಲಿಸು ಎಂದು ಅರ್ಥ.

ಕರ್ನಾಟಕಕ್ಕೆ ಬಂದರೆ ಕಥೆ ಬೇರೆ ತಿರುವು ಪಡೆಯುತ್ತದೆ. ಅಮೆರಿಕದಲ್ಲಿ ಮೋರಿ ಬಿಡಿಸುವುದು ನಿರುದ್ಯೋಗಿಯೊಬ್ಬ ಆರಿಸಿಕೊಂಡ ವ್ಯಾಪಾರವಾಗಿದ್ದರೆ, ಇಲ್ಲಿ ಅದು ಜಾತಿಗೆ ಅಂಟಿದ ಕೆಲಸ.

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಆ ಕಾಲಕ್ಕೆ ರೂಪುಗೊಂಡ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳಲ್ಲಿ ಬೆಳಕು, ಗಾಳಿ, ಅಗಲ ರಸ್ತೆ ಎಲ್ಲವೂ ಇದ್ದವು. ಜೊತೆಗೆ ಮನೆಗಳ ಹಿಂದೆ ಕನ್ಸರ್ವೆನ್ಸಿ ಲೇನ್ ಎಂಬ ಇಕ್ಕಟ್ಟಿನ ಓಣಿ. ಮುಂಬಾಗಿಲಿನಿಂದ ನೆಂಟರು, ಹಿಂದಿನ ಓಣಿಯಿಂದ ಮಲದ ಬಕೆಟ್ ಒಯ್ಯುವವರು. ಆರೋಗ್ಯಕ್ಕಾಗಿ ಹಾಕಿದ ನಕ್ಷೆಯಲ್ಲೇ ಒಂದು ಸಮುದಾಯ ಯಾರ ಕಣ್ಣಿಗೂ ಬೀಳದೆ ಓಡಾಡಬೇಕಾದ ದಾರಿಯನ್ನೂ ಎಳೆದಿದ್ದರು. 1920ರ ದಶಕದಿಂದ ನಗರದ ನಡುಭಾಗಕ್ಕೆ ಒಳಚರಂಡಿ ಬಂತು, 1964ರಲ್ಲಿ ಜಲಮಂಡಳಿ ಆಯಿತು. ಬಕೆಟ್ಟುಗಳು ಹೋದವು. ಆದರೆ ಅನೇಕ ಕಡೆ ಒಳಚರಂಡಿ ಕೊಳವೆಗಳು ಹಾದದ್ದು ಅದೇ ಹಿಂದಿನ ಓಣಿಗಳಡಿಯಲ್ಲಿ. ಜೆಟ್ಟಿಂಗ್ ಲಾರಿ ಇಂದಿಗೂ ಅಲ್ಲಿಗೆ ನುಗ್ಗಲಾರದು. ನೂರಿಪ್ಪತ್ತು ವರ್ಷದ ಹಿಂದೆ ಮನುಷ್ಯನ ಅಳತೆಗೆ ಬಿಟ್ಟ ಜಾಗ, ಯಂತ್ರದ ಕಾಲದಲ್ಲೂ ಮನುಷ್ಯನನ್ನೇ ಕೇಳುತ್ತದೆ.

ಕೋಲಾರ ಚಿನ್ನದ ಗಣಿಯಲ್ಲಿ ಈ ವೈರುಧ್ಯ ಇನ್ನೂ ಢಾಳಾಗಿತ್ತು. 1902ರಲ್ಲೇ ಶಿವನಸಮುದ್ರದಿಂದ ಅಲ್ಲಿಗೆ ವಿದ್ಯುತ್ತು ಹರಿಯಿತು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಆಳಕ್ಕೆ ಇಳಿಯಿತು; ಅಷ್ಟು ಕೆಳಗಿನ ಕಾವು ತಗ್ಗಿಸಲು, ನೀರೆತ್ತಲು, ಅದಿರು ಎಳೆಯಲು ಆ ಕಾಲದ ಅತ್ಯುತ್ತಮ ಯಂತ್ರಗಳು ಬಂದವು. ನೆಲದ ಮೇಲೆ ಕಾರ್ಮಿಕರ ಲೈನುಗಳ ಪಕ್ಕದ ಪಾಯಿಖಾನೆಗಳನ್ನು ಮಾತ್ರ ಕೈಯಿಂದಲೇ ಬಳಿಯಬೇಕಿತ್ತು. ಗಣಿಯ ಆಳಕ್ಕೆ ಎಂಜಿನಿಯರಿಂಗ್, ಪಾಯಿಖಾನೆಗೆ ತಗಡಿನ ಡಬ್ಬ. ಆ ಕೆಲಸ ಮಾಡುತ್ತಿದ್ದ ಕುಟುಂಬವೊಂದರಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಮುಂದೆ ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿದರು, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು.

ರಾಜ್ಯ ಸುಮ್ಮನೆ ಕೂತಿತ್ತು ಎನ್ನುವಂತಿಲ್ಲ. 1970ರ ದಶಕದ ಆರಂಭದಲ್ಲಿ, ದೇವರಾಜ ಅರಸು ಸರ್ಕಾರದಲ್ಲಿ ಪೌರಾಡಳಿತ ನೋಡಿಕೊಳ್ಳುತ್ತಿದ್ದ ಬಿ. ಬಸವಲಿಂಗಪ್ಪ ಮಲ ಹೊರುವ ಪದ್ಧತಿಗೆ ನಿಷೇಧ ತಂದರು. ಪೌರಕಾರ್ಮಿಕರ ಬದುಕನ್ನು ಅಧ್ಯಯನ ಮಾಡಿದ ಐ.ಪಿ.ಡಿ. ಸಾಲಪ್ಪ ಸಮಿತಿ 1976ರಲ್ಲಿ ವರದಿ ಕೊಟ್ಟಿತು. ಮಲ ಹೊರಿಸುವುದನ್ನು ನಿಷೇಧಿಸಿದ ಕೇಂದ್ರದ 1993ರ ಕಾಯ್ದೆಗೆ ದಾರಿ ಮಾಡಿಕೊಟ್ಟು ನಿರ್ಣಯ ಪಾಸು ಮಾಡಿದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಇಷ್ಟಾಗಿಯೂ 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನ ಪುರಸಭೆಯ ಮುಂದೆ ಭಂಗಿ ಸಮುದಾಯದವರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು.

ನಮ್ಮ ಊರುಗಳಿಗೆ ಬಂದ ಜೆಟ್ಟಿಂಗ್ ಯಂತ್ರ ಈ ಹಳೆಯ ವ್ಯವಸ್ಥೆಯೊಳಗೇ ಬಂದು ಕೂತಿತು. ಯಂತ್ರ ಅರ್ಧ ಕೆಲಸ ಮಾಡುತ್ತದೆ ಎಂಬುದನ್ನು ಕೊಂಡವರು ಗಮನಿಸಲಿಲ್ಲ, ಅಥವಾ ಗಮನಿಸಿಯೂ ಸುಮ್ಮನಾದರು. ಜೆಟ್ಟು ಕೊಳವೆಯೊಳಗಿನ ಹೂಳನ್ನು ಮ್ಯಾನ್‌ಹೋಲಿನ ತಳಕ್ಕೆ ತಂದು ಗುಡ್ಡೆ ಹಾಕುತ್ತದೆ. ಮರಳು, ಜಲ್ಲಿ, ಪ್ಲಾಸ್ಟಿಕ್ಕು, ಕಟ್ಟಡದ ಸಿಮೆಂಟು, ಬಟ್ಟೆ. ಅದನ್ನು ಮೇಲೆತ್ತಲು ಹೀರುವ ಗಾಡಿಯೂ ಜೊತೆಗೆ ಬರಬೇಕು. ಬಾರದಿದ್ದರೆ? ಹಗ್ಗ, ಬಕೆಟ್ಟು, ಒಬ್ಬ ಮನುಷ್ಯ. ಯಂತ್ರದ ಖರೀದಿ ಪತ್ರದಲ್ಲಿ ಆ ಮನುಷ್ಯನ ಲೆಕ್ಕ ಇರುವುದಿಲ್ಲ. ಅವನು ಗುತ್ತಿಗೆದಾರನ ಕಡೆಯವನು.

ಹೀರುವ ಗಾಡಿಗೂ ಮಿತಿ ಇದೆ. ನೀರನ್ನು ಒಂದೇ ಕಂಬವಾಗಿ ಹೀರಿ ಎತ್ತುವುದಾದರೆ ಸಮುದ್ರಮಟ್ಟದಲ್ಲಿ ಹತ್ತು ಮೀಟರು ಚಿಲ್ಲರೆಗಿಂತ ಮೇಲೆ ಯಾವ ಪಂಪೂ ಎತ್ತಲಾರದು, ವಾಯುಭಾರವೇ ಅದರ ಎಲ್ಲೆ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ಆ ಎಲ್ಲೆಯೂ ಸುಮಾರು 9 ಮೀಟರಿಗೆ ಇಳಿಯುತ್ತದೆ. ಸೋರುವ ಪೈಪು, ಸವೆದ ಪಂಪು ಎಂದರೆ ಇನ್ನೂ ಕಡಿಮೆ. ಗಾಳಿಯ ವೇಗದಿಂದ ಹೂಳನ್ನು ಉಂಡೆಯುಂಡೆಯಾಗಿ ಎತ್ತುವ ದೊಡ್ಡ ಗಾಡಿಗಳು ಇದನ್ನು ಮೀರಬಲ್ಲವು, ಆದರೆ ಅವು ದುಬಾರಿ, ಗಾತ್ರದಲ್ಲೂ ದೊಡ್ಡವು.

ಜೆಟ್ಟು ಹೂಳನ್ನು ಕದಡಿದಾಗ ಅದರಲ್ಲಿ ಅಡಗಿದ್ದ ಹೈಡ್ರೋಜನ್ ಸಲ್ಫೈಡ್ ಅನಿಲ ಒಮ್ಮೆಗೇ ಹೊರಬರುತ್ತದೆ. ಗಾಳಿಗಿಂತ ಭಾರವಾದ್ದರಿಂದ ಗುಂಡಿಯ ತಳದಲ್ಲೇ ನಿಲ್ಲುತ್ತದೆ. ಕೊಳೆತ ಮೊಟ್ಟೆಯ ವಾಸನೆಯಿಂದ ಇದನ್ನು ಗುರುತಿಸಬಹುದು ಎಂದು ಎಲ್ಲರೂ ಬಲ್ಲರು. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸುಮಾರು 100 ಭಾಗ ಈ ಅನಿಲ ಸೇರಿದರೆ ಮೂಗಿನ ಶಕ್ತಿಯೇ ಅಡಗಿಹೋಗುತ್ತದೆ ಎಂಬುದನ್ನು ಬಲ್ಲವರು ಕಡಿಮೆ. ವಾಸನೆ ಹೋಯಿತು, ಗ್ಯಾಸು ಹೋಯಿತು ಎಂದು ಇಳಿದವನು ಅತ್ಯಂತ ಅಪಾಯದ ಗಳಿಗೆಯಲ್ಲೇ ಇಳಿದಿರುತ್ತಾನೆ. ಹಿಂದೆ ಬೆಂಕಿಕಡ್ಡಿ ಗೀರಿ, ದೀಪ ಇಳಿಬಿಟ್ಟು ಪರೀಕ್ಷೆ ಮಾಡುತ್ತಿದ್ದುದುಂಟು. ಗುಂಡಿಯಲ್ಲಿ ಮೀಥೇನ್ ಇದ್ದರೆ ಆ ಪರೀಕ್ಷೆಯೇ ಸ್ಫೋಟಕ್ಕೆ ಕಿಡಿಯಾಗುತ್ತದೆ. ಮೇಲೆ ನಿಂತ ಗಾಡಿಯ ಎಂಜಿನ್ನೂ ಹೊಗೆ ಉಗುಳುತ್ತಿರುತ್ತದೆ; ಗಾಳಿ ಬೀಸುವ ದಿಕ್ಕು ನೋಡದೆ ನಿಲ್ಲಿಸಿದರೆ ಅದೂ ಗುಂಡಿಯ ಬಾಯಿಗೇ ಹೋಗುತ್ತದೆ.

2017ರ ಮಾರ್ಚ್‌ನಲ್ಲಿ ಬೆಂಗಳೂರಿನ ಕಗ್ಗದಾಸಪುರದ ಮ್ಯಾನ್‌ಹೋಲೊಂದರಲ್ಲಿ ಮೂವರು ಉಸಿರುಗಟ್ಟಿ ಸತ್ತರು. ಅವರಲ್ಲಿ ಒಬ್ಬ ಇಳಿದದ್ದು ಉಳಿದವರನ್ನು ಮೇಲೆತ್ತಲು. ಪಿಮ್ಲಿಕೊದ ವೈದ್ಯನಿಗೂ ಇವನಿಗೂ ನಡುವೆ ಸುಮಾರು 167 ವರ್ಷ.

ಅಷ್ಟು ಹೊತ್ತಿಗೆ ಕಾನೂನು ಜಾರಿಯಲ್ಲಿತ್ತು. ಒಳಚರಂಡಿ ಮತ್ತು ಶೌಚಗುಂಡಿಗಳಿಗೆ ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಮೊದಲ ಸಲ ತಪ್ಪು ಮಾಡಿದರೆ ಎರಡು ವರ್ಷದವರೆಗೆ ಜೈಲು ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆಧುನಿಕ ಯಂತ್ರಗಳನ್ನು ಬಳಸುವುದು ಸ್ಥಳೀಯ ಸಂಸ್ಥೆಗಳ ಕರ್ತವ್ಯ ಎಂದೂ ಅದು ಹೇಳುತ್ತದೆ. 1993ರಿಂದ ಹೀಗೆ ಸತ್ತವರ ಕುಟುಂಬಗಳಿಗೆ ತಲಾ 10 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2014ರ ಮಾರ್ಚ್‌ನಲ್ಲಿ ಆದೇಶಿಸಿತು. 2023ರ ಅಕ್ಟೋಬರ್‌ನಲ್ಲಿ ಪರಿಹಾರವನ್ನು 30 ಲಕ್ಷಕ್ಕೆ ಏರಿಸಿತು. 2025ರ ಜನವರಿ 29ರಂದು ಬೆಂಗಳೂರೂ ಸೇರಿ ಆರು ಮಹಾನಗರಗಳಲ್ಲಿ ಮನುಷ್ಯರಿಂದ ಒಳಚರಂಡಿ ಶುಚಿಗೊಳಿಸುವುದನ್ನು ನಿಲ್ಲಿಸಬೇಕೆಂದು ಮತ್ತೊಮ್ಮೆ ಹೇಳಿತು. 2013ರಲ್ಲೇ ನಿಷೇಧವಾದದ್ದನ್ನು ನ್ಯಾಯಾಲಯ ಮತ್ತೆ ನಿಷೇಧಿಸಬೇಕಾಗಿ ಬಂದದ್ದೇ ಪರಿಸ್ಥಿತಿ ಎಂಥದೆಂಬುದಕ್ಕೆ ಸಾಕ್ಷಿ.

ಇಕ್ಕಟ್ಟಿನ ಗಲ್ಲಿಗಳ ಸಮಸ್ಯೆಗೆ ಬೇರೆ ಊರುಗಳು ಉತ್ತರ ಹುಡುಕಿವೆ. ಹೈದರಾಬಾದ್ 2017ರಲ್ಲಿ 70 ಪುಟ್ಟ ಜೆಟ್ಟಿಂಗ್ ಗಾಡಿಗಳನ್ನು ಬೀದಿಗಿಳಿಸಿತು. ದೆಹಲಿ 2019ರಲ್ಲಿ 200 ಗಾಡಿಗಳನ್ನು ತಂದು, ಸಫಾಯಿ ಕೆಲಸದ ಕುಟುಂಬಗಳೇ ಅವುಗಳ ಮಾಲೀಕರಾಗುವಂತೆ ಯೋಜನೆ ಹಾಕಿತು. ಕೇರಳದ ಎಂಜಿನಿಯರಿಂಗ್ ಪದವೀಧರರು ಕಟ್ಟಿದ ಜೆನ್‌ರೋಬೋಟಿಕ್ಸ್ ಸಂಸ್ಥೆ 2018ರಲ್ಲಿ ‘ಬ್ಯಾಂಡಿಕೂಟ್’ ಎಂಬ ರೋಬಾಟ್ ತಂದಿತು. ಕಾಲು ಚಾಚಿ ಮ್ಯಾನ್‌ಹೋಲಿಗೆ ಇಳಿಯುತ್ತದೆ, ಕ್ಯಾಮೆರಾದಲ್ಲಿ ನೋಡುತ್ತದೆ, ಅನಿಲ ಅಳೆಯುತ್ತದೆ, ಬಕೆಟ್ಟಿನಲ್ಲಿ ಹೂಳು ತುಂಬಿ ಮೇಲೆ ಕಳಿಸುತ್ತದೆ. ಜೆಟ್ಟು ಅರ್ಧಕ್ಕೆ ಬಿಟ್ಟ ಕೆಲಸವನ್ನು ಎತ್ತಿಕೊಂಡದ್ದು ಇದರ ಹೆಚ್ಚುಗಾರಿಕೆ.

ಬೀದಿಯಲ್ಲಿ ರೋಬಾಟ್ ಬಂದರೂ ಮನೆಯೊಳಗಿನ ಮೋರಿಗೆ ಮಾತ್ರ ತಂತಿಯೇ ಗತಿ. ಆನ್‌ಲೈನ್ ಅಂಗಡಿಗಳಲ್ಲಿ ಈಗ ಡ್ರಿಲ್ ಮಷೀನಿಗೆ ಸಿಕ್ಕಿಸುವ ಸ್ಪ್ರಿಂಗು ತಂತಿ ಯಾರ ಕೈಗೂ ಎಟಕುವ ಬೆಲೆಗೆ ಸಿಗುತ್ತದೆ. ಪ್ಲಂಬರನ್ನು ಕರೆಯುವ ಗೋಜು ಬೇಡ ಎಂದು ಕೊಳ್ಳುವವರಿದ್ದಾರೆ. ಕಾಲಿನ ಸ್ವಿಚ್ಚು ಇದಕ್ಕೆ ಇಲ್ಲ. ಒಂದು ಕೈಯಲ್ಲಿ ಡ್ರಿಲ್, ಇನ್ನೊಂದು ಕೈಯಲ್ಲಿ ತಿರುಗುವ ತಂತಿ. ಅನೇಕ ಡ್ರಿಲ್‌ಗಳ ಹಿಡಿಕೆಯ ಪಕ್ಕದಲ್ಲಿ ಸಣ್ಣದೊಂದು ಗುಂಡಿ ಇರುತ್ತದೆ. ಅದನ್ನು ಒತ್ತಿಬಿಟ್ಟರೆ ಬೆರಳು ತೆಗೆದ ಮೇಲೂ ಮೋಟಾರು ತಿರುಗುತ್ತಲೇ ಇರುತ್ತದೆ. ಗೋಡೆಗೆ ಸಾಲಾಗಿ ತೂತು ಕೊರೆಯುವವನ ಬೆರಳು ನೋಯದಿರಲೆಂದು ಇಟ್ಟದ್ದು ಅದು. ಮೋರಿಗೆ ತಂತಿ ಬಿಡುವ ಮೊದಲು ಆ ಗುಂಡಿ ಒತ್ತಿದೆಯೋ ಇಲ್ಲವೋ ನೋಡಿಕೊಳ್ಳಬೇಕು.